ತಿದ್ದಿದರೆ ಸಿಕ್ಕಿಬೀಳುವ ಅಕ್ಷರಗಳು

ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನೋಂದಣಿಯಾದ ಕಾರುಗಳ ನಂಬರ್ ಪ್ಲೇಟ್ ‘ಎಸ್’ನಿಂದ ಶುರುವಾಗುತ್ತದೆ. ಆಮೇಲೆ ಒಂದೋ ಎರಡೋ ಅಕ್ಷರ, ಕೊನೆಗೆ ಅಂಕಿಗಳು. ಹತ್ತಿರ ಹೋಗಿ ನೋಡಿದರೆ ಇಂಗ್ಲಿಷಿನ ‘ಐ’ಗೆ ಮೇಲೂ ಕೆಳಗೂ ಅಡ್ಡಪಟ್ಟಿ ಇದೆ. ಅಂದಕ್ಕೆ ಹಾಕಿದ್ದಲ್ಲ ಅದು.

ಈ ಪ್ಲೇಟುಗಳಲ್ಲಿ ಅಕ್ಷರಗಳೆಲ್ಲ ಒಂದೇ ಅಗಲ, 47.5 ಮಿ.ಮೀ. ಅಂಕಿಗಳೆಲ್ಲ 44.5 ಮಿ.ಮೀ. ಮೂರು ಅಕ್ಷರ, ನಾಲ್ಕು ಅಂಕಿಯ ನಂಬರು ಯಾವುದೇ ಇರಲಿ, ಅವು ತುಂಬುವ ಜಾಗ 320.5 ಮಿ.ಮೀ. 520 ಮಿ.ಮೀ. ಉದ್ದದ ತಗಡಿನಲ್ಲಿ ಉಳಿದದ್ದು ನೀಲಿ ಪಟ್ಟಿಗೆ, ಮುದ್ರೆಗೆ, ನಡುವಿನ ತೆರಪಿಗೆ. ನೋಂದಣಿ ಕಚೇರಿಯಲ್ಲಿ ನಂಬರು ಸಿಕ್ಕಮೇಲೆ ಪಕ್ಕದ ಅಂಗಡಿಯವರು ಅಚ್ಚುಗಳನ್ನು ಸಾಲಾಗಿ ಜೋಡಿಸಿ ತಗಡು ಒತ್ತುತ್ತಾರೆ, ಉಬ್ಬಿದ ಭಾಗಕ್ಕೆ ಕಪ್ಪು ಬಣ್ಣ ಏರಿಸಿ ಕೈಗಿಡುತ್ತಾರೆ.

ಎಲ್ಲಕ್ಕೂ ಒಂದೇ ಅಗಲವೆಂದರೆ ಸಪೂರ ಅಕ್ಷರದ ಅಕ್ಕಪಕ್ಕ ಬಯಲು ಬೀಳುತ್ತದೆ. ಅದನ್ನು ತುಂಬುವ ಉಪಾಯವೇ ಗೀಟಿನ ತುದಿಯ ಅಡ್ಡಪಟ್ಟಿ, ಅಂದರೆ ಸೆರಿಫ್. ಟೈಪ್‌ರೈಟರಿನಲ್ಲೂ ಇದೇ ಕತೆ: ಯಾವ ಕೀಲಿ ಒತ್ತಿದರೂ ಕಾಗದ ಸರಿಯುವುದು ಒಂದೇ ಅಳತೆ. ಹಾಗಾಗಿ ಐಬಿಎಂ ಯಂತ್ರಗಳಿಗಾಗಿ ಹವರ್ಡ್ ಕೆಟ್ಲರ್ 1955ರಲ್ಲಿ ರೂಪಿಸಿದ ಕೊರಿಯರ್ ಎಂಬ ಫಾಂಟಿನಲ್ಲಿ ಸಣ್ಣ ‘ಐ’ಗೆ ಅಗಲವಾದ ಪಾದ ಕೊಟ್ಟು, ‘ಎಂ’ ಅನ್ನು ಒತ್ತಿ ಕೂಡಿಸಿದ್ದಾರೆ. ಕಾಲಂ ಸಾಲಾಗಿ ನಿಲ್ಲಬೇಕಾದ ಪಟ್ಟಿಗಳಿಗೆ, ಕಂಪ್ಯೂಟರ್ ಪ್ರೋಗ್ರಾಂಗಳಿಗೆ, ಚಿತ್ರಕಥೆಗಳಿಗೆ ಇಂದಿಗೂ ಇಂಥ ಒಂದೇ ಅಗಲದ ಅಕ್ಷರ ಬೇಕು.

ನಂಬರ್ ಪ್ಲೇಟಿನ ಅಕ್ಷರಕ್ಕೆ ಇನ್ನೊಂದು ಹೊಣೆಯಿದೆ: ಅದನ್ನು ಯಾರೂ ತಿದ್ದುವಂತಿರಬಾರದು. 1970ರ ದಶಕದಲ್ಲಿ ‘ರೆಡ್ ಆರ್ಮಿ ಫ್ಯಾಕ್ಷನ್’ ಎಂಬ ಉಗ್ರರ ಗುಂಪು ಪಶ್ಚಿಮ ಜರ್ಮನಿಯನ್ನು ನಡುಗಿಸಿತ್ತು.  ಇಂಥವರಿಗೆ ಕಾರಿನ ನಂಬರು ತಿದ್ದುವುದು ಸುಲಭವಿತ್ತು: ಆಗಿನ ಪ್ಲೇಟುಗಳಲ್ಲಿ ಚೂರು ಕಪ್ಪು ಟೇಪ್ ಅಂಟಿಸಿದರೆ ‘ಪಿ’ ಹೋಗಿ ‘ಆರ್’, 3 ಹೋಗಿ 8. ಇದನ್ನು ತಡೆಯಲೆಂದು ಕಾರ್ಲ್‌ಗಿಯೊರ್ಗ್ ಹೋಫರ್ ಎಂಬ ಅಕ್ಷರ ಕಲಾವಿದರು ಬರೆದ ಹೊಸ ಮಾದರಿಯ ಕೆಲಸ 1978ರಲ್ಲಿ ಶುರುವಾಗಿ 1980ರಲ್ಲಿ ಮುಗಿಯಿತು. ಬಳಕೆಗೆ ಬಂದದ್ದು ಮಾತ್ರ 1995ರಲ್ಲಿ. 2000ದ ನವೆಂಬರಿನಿಂದ ಹೊಸ ಪ್ಲೇಟುಗಳಿಗೆ ಕಡ್ಡಾಯ. ಈ ಅಕ್ಷರಗಳು ಒಂದಕ್ಕೊಂದು ಹೋಲದಂತೆ ಬೇಕೆಂದೇ ಸೊಟ್ಟಗಿವೆ. ‘ಪಿ’ಗೆ ಕಾಲು ಎಳೆದರೆ ‘ಆರ್’ ಆಗದು, ಹೊಟ್ಟೆಯ ಅಳತೆಯೇ ಬೇರೆ. ಸೊನ್ನೆಯ ಬಲಮೇಲ್ಭಾಗದಲ್ಲಿ ಒಂದು ಸೀಳು, ‘ಓ’ಗೆ ಅದಿಲ್ಲ. ಚೆಂದವಿಲ್ಲವೆಂದು ಮೂಗುಮುರಿಯುವವರಿದ್ದಾರೆ. ನನಗಂತೂ ಇಷ್ಟು ಎಚ್ಚರದಿಂದ ಕೆಲಸ ಮಾಡುವ ಅಕ್ಷರ ಚೆಂದವೇ.

ನಮ್ಮಲ್ಲಿ ವಾಹನದ ಸರಣಿ ಅಕ್ಷರಗಳಿಂದ ‘ಐ’, ‘ಓ’ ಎರಡನ್ನೂ ಕೈಬಿಟ್ಟು ಗೊಂದಲ ತಪ್ಪಿಸಿದ್ದಾರೆ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡಿನಲ್ಲಿ ಆ ಅನುಕೂಲವಿಲ್ಲ. ಅದರ ಐದನೆಯ ಜಾಗದಲ್ಲಿ ಯಾವಾಗಲೂ ಸೊನ್ನೆ, ಅದನ್ನು ‘ಓ’ ಎಂದು ಟೈಪ್ ಮಾಡುವುದು ಸುಲಭ. ಅಂಥ ಕೋಡ್ ಅಚ್ಚುಹಾಕಿಸುವವರು ಫಾಂಟ್ ಆರಿಸುವ ಮೊದಲು ಸೊನ್ನೆ ಮತ್ತು ‘ಓ’, ಒಂದು ಮತ್ತು ಸಣ್ಣ ‘ಎಲ್’ ಇವನ್ನು ಅಕ್ಕಪಕ್ಕ ಟೈಪಿಸಿ ನೋಡಬೇಕು. ಒಂದೇ ಅಗಲವಿದ್ದರೆ ಸಾಲದು: ಕೊರಿಯರ್‌ನಲ್ಲೂ ಒಂದು ಮತ್ತು ‘ಎಲ್’ ಬಹಳ ಹತ್ತಿರ. ಸೊನ್ನೆಗೆ ಗೀಟೋ ಚುಕ್ಕೆಯೋ ಇರುವ ಫಾಂಟ್ ಆರಿಸಿದರೆ ಒಳ್ಳೆಯದು.