ಕಿವಿಯ ಇಂಪು ಅಳತೆಗೆ ಸಿಕ್ಕೀತೆ?

ಬಟ್ಟೆಯನ್ನು ಗಜದಿಂದ, ಅಕ್ಕಿಯನ್ನು ಸೇರಿನಿಂದ ಅಳೆಯಬಹುದು. ಹೆಡ್‌ಫೋನಿನ ದನಿ ಇಂಪಾಗಿದೆಯೇ ಎಂಬುದನ್ನು ಅಳೆಯುವುದು ಯಾವುದರಿಂದ? ತಯಾರಕರೇನೋ ಪೆಟ್ಟಿಗೆಯ ಮೇಲೆ ‘20ರಿಂದ 20,000 ಹರ್ಟ್ಸ್’ ಎಂದು ಮುದ್ರಿಸಿರುತ್ತಾರೆ. ಅದು ಮನುಷ್ಯನ ಕಿವಿಗೆ ಕೇಳಿಸುವ ಕಂಪನಗಳ ವ್ಯಾಪ್ತಿಯೇ ಹೊರತು ಗುಣಮಟ್ಟದ ಪ್ರಮಾಣಪತ್ರವಲ್ಲ. ಆ ವ್ಯಾಪ್ತಿಯೊಳಗೆ ಮಂದ್ರದಿಂದ ತಾರದವರೆಗೆ ಯಾವ ದನಿ ಎಷ್ಟು ಜೋರಾಗಿ ಹೊಮ್ಮುತ್ತದೆ ಎಂಬುದೇ ಮುಖ್ಯ.

ಇದನ್ನು ಅಳೆಯಲು ಹೆಡ್‌ಫೋನಿನ ಮುಂದೆ ಬರಿಯ ಮೈಕ್ ಹಿಡಿದರೆ ಸಾಲದು. ಹೆಡ್‌ಫೋನ್ ಕೆಲಸ ಮಾಡುವುದು ಕಿವಿಯ ಜೊತೆ ಸೇರಿ. ಆದ್ದರಿಂದ ಪ್ರಯೋಗಾಲಯಗಳಲ್ಲಿ ಕೃತಕ ಕಿವಿಗಳನ್ನು ಬಳಸುತ್ತಾರೆ. ಅಮೆರಿಕದ ನೋಲ್ಸ್ ಕಂಪೆನಿ 1972ರಲ್ಲಿ ಹೊರತಂದ ‘ಕೆಮಾರ್’ ಎಂಬ ಗೊಂಬೆ ಈ ಪೈಕಿ ಪ್ರಸಿದ್ಧ. ತಲೆ, ಭುಜ, ಮೆತ್ತನೆಯ ಕಿವಿಗಳಿರುವ ಈ ಗೊಂಬೆಯ ಕಿವಿತಮಟೆಯ ಜಾಗದಲ್ಲಿ ಮೈಕ್ ಇರುತ್ತದೆ. ಮೂಲತಃ ಇದು ಶ್ರವಣ ಸಾಧನಗಳ ಪರೀಕ್ಷೆಗೆಂದು ಹುಟ್ಟಿದ್ದು.

ಅಳತೆಯ ಗೆರೆ ನೇರವಾಗಿದ್ದರೆ ದನಿ ಉತ್ತಮ ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಹಾಗಲ್ಲ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿಯ ನಾಳ ಕೊಳಲಿನಂತೆ ಅನುರಣಿಸಿ, 3,000 ಹರ್ಟ್ಸ್ ಆಸುಪಾಸಿನ ದನಿಯನ್ನು ಹಿಗ್ಗಿಸುತ್ತದೆ. ಹುಟ್ಟಿದಂದಿನಿಂದ ಮಿದುಳಿಗೆ ಇದೇ ರೂಢಿ. ಕಿವಿತಮಟೆಯ ಬಳಿ ಈ ಉಬ್ಬು ಕಾಣಿಸದ ಹೆಡ್‌ಫೋನಿನಲ್ಲಿ ಹಾಡು ಮಂಕಾಗಿ ಕೇಳುತ್ತದೆ.

ಹಾಗಾದರೆ ಸರಿಯಾದ ಗೆರೆ ಯಾವುದು? ಹರ್ಮನ್ ಕಂಪೆನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಈ ಪ್ರಶ್ನೆಯನ್ನು ಕೇಳುಗರ ಮುಂದೆಯೇ ಇಟ್ಟರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಧ್ವನಿವರ್ಧಕದಿಂದ ಬರುವ ದನಿಯಂತಿದ್ದರೆ ಹೆಚ್ಚಿನವರಿಗೆ ಮೆಚ್ಚುಗೆ ಎಂದು 2013ರ ಹೊತ್ತಿಗೆ ಅವರು ಕಂಡುಕೊಂಡರು. 2018ರಲ್ಲಿ 31 ಹೆಡ್‌ಫೋನ್‌ಗಳಿಗೆ ಕೇಳುಗರು ಕೊಟ್ಟ ಅಂಕಗಳನ್ನು ಅಳತೆಯ ಗೆರೆಗಳೊಂದಿಗೆ ತಾಳೆ ನೋಡಿದಾಗ ಸಹಸಂಬಂಧ 0.86ರಷ್ಟಿತ್ತು. ಅಂದರೆ ಅಂಕಗಳ ಏರಿಳಿತದಲ್ಲಿ ಸುಮಾರು ಮುಕ್ಕಾಲು ಪಾಲನ್ನು ಗೆರೆಯೇ ವಿವರಿಸಬಲ್ಲದು. ಈ ಕಂಪೆನಿ ಜೆಬಿಎಲ್, ಎಕೆಜಿ ಹೆಸರುಗಳಲ್ಲಿ ತಾನೂ ಹೆಡ್‌ಫೋನ್ ಮಾರುತ್ತದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಉಳಿದ ಕಾಲು ಪಾಲಿನ ಕಥೆಯೇನು? ಗೊಂಬೆಯ ಕಿವಿ ಒಂದೇ, ಮನುಷ್ಯರ ಕಿವಿಗಳು ನೂರಾರು ಬಗೆ. ಕನ್ನಡಕದ ಕಡ್ಡಿಯಿಂದ ಸಣ್ಣ ಸಂದು ಬಿದ್ದರೂ ಮಂದ್ರದ ದನಿ ಸೋರಿಹೋಗುತ್ತದೆ. ಹೆಡ್‌ಫೋನ್ ತುಸು ಸರಿದರೂ ತಾರಸ್ಥಾಯಿಯ ಅಳತೆ ಬದಲಾಗುತ್ತದೆ. ಜೊತೆಗೆ ಅವರವರ ರುಚಿಯೂ ಇದೆ. ಕೆಲವರಿಗೆ ಮಂದ್ರ ಹೆಚ್ಚಿರಬೇಕು, ಕೆಲವರಿಗೆ ಕಡಿಮೆ.

ಆದರೆ ಅಳತೆಯನ್ನು ತಳ್ಳಿಹಾಕುವವರಿಗೆ ಉಳಿಯುವುದು ಬೆಲೆಚೀಟಿ ಮತ್ತು ಜಾಹೀರಾತು. ಬೆಲೆಯನ್ನು ನಂಬುವಂತಿಲ್ಲ. ಯರೂನ್ ಬ್ರೇಬಾರ್ಟ್ 2017ರಲ್ಲಿ 283 ಹೆಡ್‌ಫೋನ್‌ಗಳನ್ನು ಅಳೆದಾಗ ದನಿಯ ಗೆರೆಗೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಅಂಗಡಿಯಲ್ಲಿ ಅವಸರವಾಗಿ ಕೇಳಿ ನೋಡುವುದೂ ಮೋಸಹೋಗುವ ದಾರಿಯೇ. ತುಸು ಜೋರಾಗಿರುವುದೇ ಉತ್ತಮ ಎಂದು ಕಿವಿ ಭ್ರಮಿಸುತ್ತದೆ.

ಹೀಗಾಗಿ ಗೆರೆಯ ಕೆಲಸ ಜೊಳ್ಳನ್ನು ತೂರಿ ಬಿಡುವುದು. ಉಳಿದ ಗಟ್ಟಿ ಕಾಳಿನಲ್ಲಿ ತನಗೆ ಬೇಕಾದುದನ್ನು ಆರಿಸುವ ಹಕ್ಕು ಕೇಳುಗನ ಕಿವಿಗೇ ಸೇರಿದ್ದು.