ಸಂಗಮದ ನೀರಿನ ಮೇಲೆ

ಬಸವೇಶ್ವರನಗರದ ನಮ್ಮ ಬಡಾವಣೆಯ ಉದ್ಯಾನದಲ್ಲಿ ಸಂಜೆ ಸೇರಿ ಮಾತನಾಡುವ ನಾವು ನಾಲ್ಕು ಮನೆಗಳವರು. ಕಳೆದ ವರ್ಷದ ಬೇಸಿಗೆಯಲ್ಲಿ ನಮ್ಮಲ್ಲೊಬ್ಬರ ಮಗ ಮತ್ತು ಸೊಸೆ ಫ್ರಾನ್ಸ್ ದೇಶದ ಪ್ರವಾಸ ಮುಗಿಸಿ ಬಂದರು. ಅಲ್ಲಿ ಅವರು ಬಾಡಿಗೆಗೆ ಪಡೆದಿದ್ದುದು ಒಂದು ಕಾಲುವೆಯ ದೋಣಿಮನೆಯನ್ನು. ಅದರಲ್ಲಿಯೇ ಅಡಿಗೆ, ಅದರಲ್ಲಿಯೇ ನಿದ್ರೆ. 1681ರಲ್ಲಿ ಸಂಚಾರಕ್ಕೆ ತೆರೆದ, ಸುಮಾರು 240 ಕಿಲೋಮೀಟರ್ ಉದ್ದದ ‘ಕನಾಲ್ ದು ಮಿದಿ’ ಎಂಬ ಆ ಕಾಲುವೆಯ ದಡದ ಹಳೆಯ ಕೋಟೆಗಳನ್ನೂ ಇಗರ್ಜಿಗಳನ್ನೂ ನೋಡುತ್ತ ಒಂದು ವಾರ ನಿಧಾನವಾಗಿ ತೇಲಿದರಂತೆ.

ಅವರು ಹೇಳಿದ ಸಂಗತಿಗಳಲ್ಲಿ ಒಂದು ನಮ್ಮ ಮನಸ್ಸಿನಲ್ಲಿ ನಿಂತಿತು. ಹನ್ನೆರಡನೆಯ ಶತಮಾನದಲ್ಲಿ, ಎಂದರೆ ನಮ್ಮ ಶರಣರ ಕಾಲದಲ್ಲಿಯೇ, ಆ ಸೀಮೆಯಲ್ಲಿ ಕ್ಯಾಥರ್ ಎಂಬ ಪಂಥದವರಿದ್ದರು. ಪುರೋಹಿತವರ್ಗದ ಸಿರಿಸಂಪತ್ತನ್ನು ಅವರು ಒಪ್ಪಲಿಲ್ಲ. ಅವರಲ್ಲಿ ಹಲವರು ನೇಯ್ಗೆಯಂತಹ ಕಸುಬಿನಿಂದ ಬದುಕಿದರು. ಹೆಂಗಸರಿಗೂ ದೀಕ್ಷೆಯಿತ್ತು ಗೌರವಿಸಿದರು. 1209ರಲ್ಲಿ ಪೋಪರ ಕರೆಯಂತೆ ದಂಡೆತ್ತಿ ಬಂದ ಸೈನ್ಯವು ಬೆಜಿಯೆ ಪಟ್ಟಣದ ಜನರನ್ನು ಕೊಂದಿತು. 1244ರಲ್ಲಿ ಮೋಂಸೆಗ್ಯೂರ್ ಕೋಟೆ ಬಿದ್ದಾಗ, ತಮ್ಮ ನಂಬುಗೆಯನ್ನು ಬಿಡಲೊಪ್ಪದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಸುಡಲಾಯಿತು. ಅವರ ಸ್ವಂತ ಗ್ರಂಥಗಳಲ್ಲಿ ಉಳಿದವು ಕೆಲವೇ ಕೆಲವು. ಇಂದು ಅವರ ವಿಷಯವಾಗಿ ತಿಳಿದಿರುವುದರಲ್ಲಿ ಬಹುಪಾಲು, ಅವರನ್ನು ಹಿಡಿದು ವಿಚಾರಣೆ ನಡೆಸಿದವರು ಬರೆದಿಟ್ಟ ಕಡತಗಳಿಂದ ಬಂದದ್ದು. ಅವರ ಬಾಳನ್ನು ಅವರ ಬಾಯಿಂದಲೇ ಕೇಳುವ ಭಾಗ್ಯ ಆ ದೇಶದವರಿಗೆ ಹೆಚ್ಚಾಗಿ ಉಳಿಯಲಿಲ್ಲ.

ಕೇಳುತ್ತಿದ್ದ ಮಕ್ಕಳಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು, “ನಮ್ಮಲ್ಲಿ ಹೀಗೆ ದೋಣಿಯಲ್ಲಿ ಕುಳಿತು ನೋಡುವ ಚರಿತ್ರೆ ಇಲ್ಲವೇ ಅಜ್ಜ?” ಎಂದಳು. ನಮ್ಮ ಮನೆಗಳಿಗೆ ಹತ್ತಿರದ ಹೊಳೆಯೆಂದರೆ ವೃಷಭಾವತಿ. ‘ವೃಷಭ’ವೆಂಬ ಮಾತೇ ಕನ್ನಡದಲ್ಲಿ ‘ಬಸವ’ವಾಯಿತು. ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟಿತೆಂಬ ಐತಿಹ್ಯವುಳ್ಳ ಆ ಹೊಳೆ, ನಗರದ ಪಶ್ಚಿಮ ಭಾಗದ ಕೊಳಚೆಯನ್ನೆಲ್ಲ ಹೊತ್ತು ಮೈಸೂರು ರಸ್ತೆಯ ಮಗ್ಗುಲಲ್ಲಿ ಕೆಂಗೇರಿಯ ಕಡೆಗೆ ಹರಿಯುತ್ತದೆ. ಅದರಲ್ಲಿ ದೋಣಿ ತೇಲಿಸುವ ಮಾತಿರಲಿ, ಮೂಗು ಮುಚ್ಚದೆ ಸೇತುವೆ ದಾಟುವಂತಿಲ್ಲ. ಆದುದರಿಂದ ದಸರೆಯ ರಜೆಗೆ ಎಲ್ಲರೂ ಕೂಡಿ ಕೂಡಲಸಂಗಮಕ್ಕೆ ಹೋಗುವುದೆಂದು ನಿಶ್ಚಯಿಸಿದೆವು. ರಾಜಾಜಿನಗರ ಮತ್ತು ವಿಜಯನಗರದ ಬಂಧುಗಳಿಬ್ಬರ ಕುಟುಂಬಗಳೂ ಜೊತೆಗೂಡಿದವು.

ತುಮಕೂರು, ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ, ಇಳಕಲ್, ಹುನಗುಂದ. ಹೆದ್ದಾರಿಯಲ್ಲಿ ಒಂದು ದಿನದ ಪಯಣ. ಹೊಸಪೇಟೆ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ, ಮುಂದೆ ಮಾತಿನ ಧಾಟಿಯೂ ಬದಲಾಗುತ್ತದೆ. ಹೆದ್ದಾರಿಯಿಂದ ಒಳಗೆ ಹೊರಳಿ ಕೂಡಲಸಂಗಮವನ್ನು ಸೇರಿದಾಗ ಸಂಜೆಯ ದೀಪ ಹಚ್ಚುವ ಹೊತ್ತು. ದಾಸೋಹದ ಪ್ರಸಾದ ಸ್ವೀಕರಿಸಿ, ನೀರಿನ ಮೇಲಿಂದ ಬೀಸುವ ಗಾಳಿಯಲ್ಲಿ ಆ ರಾತ್ರಿ ವಿಶ್ರಮಿಸಿದೆವು.

ಮರುದಿನ ಬೆಳಿಗ್ಗೆ ಕಣ್ಣಿಗೆ ಬಿದ್ದುದು ನದಿಯಲ್ಲ, ಸಮುದ್ರದಂತಹ ಜಲರಾಶಿ. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯೂ, ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪಟ್ಟದಕಲ್ಲು ಐಹೊಳೆಗಳ ಬಳಿ ಹರಿದು ಬರುವ ಮಲಪ್ರಭೆಯೂ ಇಲ್ಲಿ ಒಂದಾಗುತ್ತವೆ. ಕೆಳಗಡೆ ನಾರಾಯಣಪುರದಲ್ಲಿ 1982ರಲ್ಲಿ ಮುಗಿದ ಅಣೆಕಟ್ಟು ಈ ನೀರನ್ನು ಹಿಂದಕ್ಕೆ ನಿಲ್ಲಿಸಿದೆ. ಆ ಜಲಾಶಯದ ಹೆಸರು ಬಸವಸಾಗರ. ಬಸವಣ್ಣನವರು ಓದಿ ಬೆಳೆದ ಸಂಗಮದ ದಡವನ್ನು ಅವರ ಹೆಸರಿನ ಸಾಗರವೇ ಆವರಿಸಿಕೊಂಡಿದೆ.

ಚಾಲುಕ್ಯ ಶೈಲಿಯ ಸಂಗಮೇಶ್ವರ ದೇವಾಲಯವನ್ನು ದರ್ಶಿಸಿ ಐಕ್ಯಮಂಟಪಕ್ಕೆ ನಡೆದೆವು. ಹಿನ್ನೀರು ಏರಿದಾಗ ಮಂಟಪ ಮುಳುಗಬಾರದೆಂದು ಅದರ ಸುತ್ತ ಎತ್ತರವಾದ ದುಂಡು ಗೋಡೆಯನ್ನು ಎತ್ತಿದ್ದಾರೆ. ದಡದಿಂದ ಸೇತುವೆಯ ಮೇಲೆ ನಡೆದು, ಬಾವಿಗಿಳಿದಂತೆ ಮೆಟ್ಟಿಲಿಳಿದು ಹಳೆಯ ನೆಲವನ್ನು ಮುಟ್ಟಬೇಕು. ಹೊರಗೆ ಸುತ್ತಲೂ ನೀರು. ಒಳಗೆ ತಂಪು, ಮೌನ. ಅಲ್ಲಿ ಲಿಂಗಕ್ಕೆ ಕೈಮುಗಿದು ನಿಂತಾಗ ಆ ಹುಡುಗಿ ಮೆಲ್ಲಗೆ ಕೇಳಿದಳು: “ಅಜ್ಜ, ಬಸವಣ್ಣನವರು ನಿಜವಾಗಿಯೂ ಲಿಂಗದೊಳಗೆ ಹೋದರೇ?”

ನಮ್ಮಲ್ಲೊಬ್ಬರು, “ಹಿರಿಯರು ಹೇಳಿದ್ದನ್ನು ನಂಬಬೇಕಮ್ಮ, ಪ್ರಶ್ನೆ ಮಾಡಬಾರದು” ಎಂದರು. ಇನ್ನೊಬ್ಬರು, “ಅದೆಲ್ಲ ಪುರಾಣದ ಕಟ್ಟುಕಥೆ” ಎಂದುಬಿಟ್ಟರು. ಎರಡು ಉತ್ತರಗಳಿಗೂ ಮಗುವಿನ ಮುಖ ಬಾಡಿತು. ನಮಗೂ ನಾಚಿಕೆಯಾಯಿತು. ಪ್ರಶ್ನೆ ಕೇಳುವುದನ್ನು ಕಲಿಸಿದ ಮಹಾಪುರುಷರ ಸನ್ನಿಧಿಯಲ್ಲಿಯೇ ಒಂದು ಮಗುವಿನ ಪ್ರಶ್ನೆಯನ್ನು ನಾವು ಮುಚ್ಚಿಹಾಕಿದ್ದೆವು.

ಗಾಳಿ ತಗ್ಗಿದ ಮೇಲೆ ಸ್ಥಳೀಯ ಅಂಬಿಗರೊಬ್ಬರ ದೋಣಿಯನ್ನೇರಿದೆವು. ಅವರ ಹುಟ್ಟಿನ ಸದ್ದನ್ನುಳಿದರೆ ಬೇರೆ ಸದ್ದಿಲ್ಲ. ನಡುನೀರಿನಲ್ಲಿ ನಮ್ಮೊಡನಿದ್ದ ನಿವೃತ್ತ ಉಪಾಧ್ಯಾಯರು ಆ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಉತ್ತರ ಹೇಳತೊಡಗಿದರು.

“ಇತಿಹಾಸ ಒಂದು ಹೊಳೆ, ಐತಿಹ್ಯ ಇನ್ನೊಂದು ಹೊಳೆ, ತಾಯಿ. ಕೂಡುವ ಮೊದಲು ಎರಡನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಬೇಕು. ಬಸವಣ್ಣನವರು ಬಾಗೇವಾಡಿಯಲ್ಲಿ ಹುಟ್ಟಿ, ಈ ಸಂಗಮದಲ್ಲಿ ಕಲಿತು, ಮಂಗಳವೇಢೆಗೂ ಕಲ್ಯಾಣಕ್ಕೂ ಹೋದರು. ಕಳಚೂರಿ ಬಿಜ್ಜಳನ ಭಂಡಾರಿಯಾದರು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆಯಿಂದ ಕಲ್ಯಾಣದಲ್ಲಿ ಕೋಲಾಹಲವೆದ್ದಿತು. 1167ರ ಸುಮಾರಿಗೆ ಅವರು ಸಂಗಮಕ್ಕೆ ಮರಳಿ ಇಲ್ಲಿಯೇ ಐಕ್ಯರಾದರು. ಸುಮಾರು ನೂರು ವರ್ಷಗಳ ಬಳಿಕ, 1260ರಲ್ಲಿ, ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನ ಅವರ ಹೆಸರನ್ನು ಕಲ್ಲಿನಲ್ಲಿ ಬರೆಯಿತು. ಇನ್ನು ಐತಿಹ್ಯ. ಈ ಸಂಗಮದಲ್ಲಿ ಕಲ್ಲಿನ ನಂದಿಯ ಬಾಯಿಂದ ಬಸವಣ್ಣನವರಿಗೆ ಇಷ್ಟಲಿಂಗ ದೊರೆಯಿತೆಂದು ಹರಿಹರ ಕವಿ ರಗಳೆಯಲ್ಲಿ ಹೇಳುತ್ತಾನೆ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥ, 1369ರಲ್ಲಿ ಕನ್ನಡದಲ್ಲಿ ಭೀಮಕವಿ ಬಸವಪುರಾಣವನ್ನೇ ಬರೆದರು. ಅನ್ಯಮತೀಯರು ಬೇರೆ ಬಗೆಯಾಗಿಯೂ ಬರೆದಿದ್ದಾರೆ. ‘ಲಿಂಗದೊಳಗೆ ಹೋದರು’ ಎಂಬ ಮಾತು ಬಾಗಿಲೊಳಗೆ ಹೋದಂತೆ ಹೋದರೆಂಬ ವರದಿಯಲ್ಲ. ನಂಬಿದ ಬಾಳಿಗೂ ಬದುಕಿದ ಬಾಳಿಗೂ ಅಂತರ ಉಳಿಯಲಿಲ್ಲವೆಂದು ಜನ ಹೇಳಿದ ಬಗೆ ಅದು. ಅದನ್ನು ಸುಳ್ಳೆನ್ನಲೂ ಬೇಡ. ಶಾಸನದ ಸಾಲಿನಂತೆ ಓದಲೂ ಬೇಡ.”

ಹುಡುಗಿ ಬಹಳ ಹೊತ್ತು ನೀರನ್ನೇ ನೋಡುತ್ತ ಕುಳಿತಳು. ಆಗ ಅಂಬಿಗರು ಹುಟ್ಟನ್ನು ನಿಲ್ಲಿಸಿ, “ಈ ನೀರಿನ ತಳದಾಗ ನಮ್ಮಜ್ಜನ ಹೊಲಾ ಐತ್ರೀ ಯಪ್ಪಾ. ಬಿಳಿಜ್ವಾಳಾ ಬೆಳೀತಿದ್ರು. ಡ್ಯಾಂ ಆದ ಮ್ಯಾಲ ಹೊಲಾ ನೀರಾಗ ಹೋತು, ನಾವು ನೀರಿನ ಮ್ಯಾಲ ಬಂದ್ವಿ” ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ, ಆದರೆ ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಈ ಯೋಜನೆಯ ನೀರಿನಿಂದ ಯಾದಗಿರಿ, ಕಲಬುರಗಿ, ರಾಯಚೂರು ಸೀಮೆಯ ಹೊಲಗಳು ಹಸುರಾಗಿವೆ. ಅದಕ್ಕಾಗಿ ನಾರಾಯಣಪುರ ಮತ್ತು ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಮಾರುಗಳನ್ನು ಬಿಟ್ಟುಕೊಟ್ಟ ಊರುಗಳೆಷ್ಟೋ. ಹಳೆಯ ಬಾಗಲಕೋಟೆಯ ದೊಡ್ಡ ಭಾಗವೇ ಮುಳುಗಿತು. ಇಲ್ಲಿಗೆ ಬರುವ ಯಾತ್ರಿಕರು ಮಂಟಪದೊಡನೆ ಅವರನ್ನೂ ನೆನೆಯಬೇಕು.

ಅಂಬಿಗರೊಡನೆ ಮಾತನಾಡುತ್ತ ಅಂಬಿಗರ ಚೌಡಯ್ಯನವರ ನೆನಪು ಬಂದಿತು. ದೋಣಿ ನಡೆಸುವುದನ್ನೇ ಕಾಯಕವನ್ನಾಗಿ ಮಾಡಿಕೊಂಡ ಆ ನಿಷ್ಠುರ ವಚನಕಾರರು, ಇತರ ಶರಣರಂತೆ ಇಷ್ಟದೈವದ ಹೆಸರನ್ನು ಅಂಕಿತವಾಗಿರಿಸಿಕೊಳ್ಳದೆ ತಮ್ಮ ಹೆಸರನ್ನೇ, ಕಸುಬಿನ ಸಹಿತ, ಇಟ್ಟುಕೊಂಡರು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಚೌಡಯ್ಯದಾನಪುರ ಅವರ ಹೆಸರಿನ ಊರು. “ಅವರೂ ನಮ್ಮಂಥವರs ಅಲ್ರೀ” ಎಂದು ಅಂಬಿಗರು ನಕ್ಕರು.

ಮಧ್ಯಾಹ್ನ ಸೇತುವೆ ದಾಟಿ ಕೃಷ್ಣೆಯ ಆಚೆಯ ದಡಕ್ಕೆ, ಮುದ್ದೇಬಿಹಾಳ ತಾಲೂಕಿನ ತಂಗಡಗಿಗೆ ಹೋದೆವು. ಕೂಡಲಸಂಗಮಕ್ಕೆ ಬರುವ ಯಾತ್ರಿಕರಲ್ಲಿ ಅನೇಕರು ಇಲ್ಲಿಗೆ ಬಾರದೆಯೇ ಹಿಂದಿರುಗುವುದುಂಟು. ಇದು ಬಸವಣ್ಣನವರ ಪತ್ನಿ ನೀಲಾಂಬಿಕೆಯವರ ಐಕ್ಯಸ್ಥಳ. ಐತಿಹ್ಯ ಹೀಗಿದೆ: ಕಲ್ಯಾಣದಲ್ಲಿದ್ದ ನೀಲಾಂಬಿಕೆಯವರನ್ನು ಕರೆತರಲು ಬಸವಣ್ಣನವರು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರು. ದೇವನು ಸಂಗಮದಲ್ಲಿ ಮಾತ್ರ ಇರುವನೇ ಎಂಬ ಭಾವ ಆ ತಾಯಿಯದು. ಆದರೂ ಹೊರಟು ತಂಗಡಗಿಯ ದಡ ಮುಟ್ಟುವಷ್ಟರಲ್ಲಿ ಬಸವಣ್ಣನವರು ಐಕ್ಯರಾದ ಸುದ್ದಿ ಬಂದಿತು. ಅವರು ಹೊಳೆ ದಾಟಲಿಲ್ಲ. ಆ ದಡದಲ್ಲಿಯೇ ಲಿಂಗೈಕ್ಯರಾದರು. ಅಪ್ಪಣ್ಣನವರ ಸ್ಮರಣೆಯೂ ಈ ಊರಿನಲ್ಲಿ ಜೀವಂತವಾಗಿದೆ.

“ಹಾಗಾದರೆ ಅವರು ಕೊನೆಗೂ ದಾಟಲೇ ಇಲ್ಲವೇ?” ಎಂದಳು ಹುಡುಗಿ. ಜೊತೆಗಿದ್ದ ಹಿರಿಯ ತಾಯಿಯೊಬ್ಬರು, “ದಾಟುವ ಅಗತ್ಯ ಅವರಿಗಿರಲಿಲ್ಲ, ಮಗಳೇ. ಅವರೇ ಬರೆದಿದ್ದಾರೆ, ಓದಿ ನೋಡು” ಎಂದು ತಮ್ಮ ಚೀಲದಿಂದ ಶರಣೆಯರ ವಚನಗಳ ಪುಸ್ತಕವನ್ನು ತೆಗೆದುಕೊಟ್ಟರು. ಹುಡುಗಿ ನೀಲಾಂಬಿಕೆಯವರ ಪುಟ ತೆರೆದಳು. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಿರುವ ಮಗು ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿ, ಎರಡನೆಯ ಸಾಲಿಗೇ ಪುಸ್ತಕ ಮುಚ್ಚಿ ತಲೆ ತಗ್ಗಿಸಿತು. ಬಸವ ಜಯಂತಿಯ ಸ್ಪರ್ಧೆಯಲ್ಲಿ ಹತ್ತು ವಚನಗಳನ್ನು ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆದವಳು ಅವಳು. ಆ ಹತ್ತನ್ನೂ ನಾವು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದೆವು.

ಆ ದಡದಲ್ಲಿ ನಮಗೆ ಮತ್ತೆ ನೆನಪಾದವರು ಕ್ಯಾಥರ್ ಜನ. ಕಲ್ಯಾಣವೂ ಚದುರಿತು. ಶರಣರು ದಿಕ್ಕುದಿಕ್ಕಿಗೆ ಹೋದರು. ಚನ್ನಬಸವಣ್ಣನವರೊಡನೆ ಒಂದು ಗುಂಪು ದೂರದ ಉಳವಿಯನ್ನು ಸೇರಿತು. ಆದರೂ ಅವರ ಮಾತು ಉಳಿಯಿತು. ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ, ಬಟ್ಟೆಯಲ್ಲಿ ಸುತ್ತಿ ಪೂಜೆಗಿಟ್ಟ ತಾಡವೋಲೆಯ ಕಟ್ಟುಗಳಲ್ಲಿ ಏಳು ಶತಮಾನ ಕಳೆದು ಬಂದಿತು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆಪತ್ತಿನಲ್ಲಿ ಎದೆಗವಚಿಕೊಂಡು ಬಂದದ್ದನ್ನು ನೆಮ್ಮದಿಯ ಕಾಲದಲ್ಲಿ ನಾವು ಅಕ್ಷರ ಮರೆತು ಕಳೆದುಕೊಂಡರೆ, ಅದಕ್ಕೆ ಯಾವ ಸೈನ್ಯವನ್ನು ದೂರಬೇಕು?

ರಾತ್ರಿ ಊಟವಾದ ಮೇಲೆ ಆ ತಾಯಿ ಹುಡುಗಿಯ ಪಕ್ಕದಲ್ಲಿ ಕುಳಿತು, ಬೆರಳಿಟ್ಟು, ಒಂದೊಂದೇ ಪದವನ್ನು ಓದಿಸಿದರು. ಒಂದು ಚಿಕ್ಕ ವಚನ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಓದುಗ ಬಂಧುಗಳು ಹೋಗುವುದಾದರೆ, ಮಳೆಗಾಲ ಕಳೆದು ಜಲಾಶಯ ತುಂಬಿರುವ ತಿಂಗಳುಗಳು ಅನುಕೂಲ. ಮಕ್ಕಳಿಗೆ ತೇಲುಕವಚ ತೊಡಿಸದೆ ದೋಣಿಯೇರಬೇಡಿ. ಗಾಳಿ ಎದ್ದಾಗ ಅಂಬಿಗರು ಬೇಡವೆಂದರೆ ಒತ್ತಾಯಿಸಬೇಡಿ. ತಂಗಡಗಿಯನ್ನು ಬಿಡಬೇಡಿ. ಸಮಯವಿದ್ದರೆ ಬಸವನ ಬಾಗೇವಾಡಿಯನ್ನೂ ಐಹೊಳೆಯನ್ನೂ ಸೇರಿಸಿಕೊಳ್ಳಿ. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಯೊಂದಿಗೆ ಕನ್ನಡ ಅಕ್ಷರದ ಒಂದು ವಚನ ಪುಸ್ತಕವಿರಲಿ.

ಈಗ ನಮ್ಮ ಸಂಜೆಯ ಕೂಟದಲ್ಲಿ ಹೊಸದೊಂದು ನಿಯಮ ಬಂದಿದೆ. ಭಾನುವಾರಗಳಂದು ಮಕ್ಕಳು ಪುಸ್ತಕ ಹಿಡಿದು ಒಂದೊಂದು ವಚನವನ್ನು ಓದುತ್ತಾರೆ, ಅರ್ಥ ಕೇಳುತ್ತಾರೆ. ಉತ್ತರ ತಿಳಿಯದಿದ್ದಾಗ ‘ಹುಡುಕಿ ಹೇಳುತ್ತೇವೆ’ ಎನ್ನಲು ನಾವೂ ಕಲಿತಿದ್ದೇವೆ. ಮೊನ್ನೆ ಮೈಸೂರು ರಸ್ತೆಯ ಸೇತುವೆಯ ಮೇಲೆ ಹೋಗುತ್ತಿದ್ದಾಗ ಅದೇ ಹುಡುಗಿ, “ಅಜ್ಜ, ವೃಷಭಾವತಿ ಎಲ್ಲಿಗೆ ಹೋಗುತ್ತದೆ?” ಎಂದಳು. ಅರ್ಕಾವತಿಗೆ, ಅರ್ಕಾವತಿ ಕನಕಪುರದ ಆಚೆ ಸಂಗಮವೆಂಬಲ್ಲಿ ಕಾವೇರಿಗೆ ಎಂದೆವು. “ಇದಕ್ಕೂ ಒಂದು ಸಂಗಮವಿದೆ, ಹಾಗಾದರೆ” ಎಂದು ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಆ ದಿನ ನಾವ್ಯಾರೂ ಮೂಗು ಮುಚ್ಚಲಿಲ್ಲ. ಈ ನೀರನ್ನು ಇಷ್ಟು ಕೊಳಕು ಮಾಡಿದವರಲ್ಲಿ ನಮ್ಮ ಮನೆಗಳೂ ಸೇರಿವೆಯೆಂಬ ಅರಿವು ಅಂದು ಮೊದಲ ಸಲ ಚುಚ್ಚಿತು.