ಡಬ್ಬಿಗೊಂದು ಬಣ್ಣ, ನಾಬಿಗೊಂದು ಹೆಸರು

ಸೊಲ್ಲಾಪುರ: ಮನೆಯ ಅಡುಗೆ ಕೋಣೆಯಲ್ಲಿರುವ ಹಳೇ ಸ್ಟೀಲ್ ಡಬ್ಬಿ ತಿರುವಿ ನೋಡ್ರಿ. ಅದರ ಮೈಮೇಲೆ ಒಂದು ಹೆಸರು, ಒಂದು ಇಸವಿ ಕೊರೆದಿರುತ್ತದೆ. ಯಾರ ಮದುವೆಯಲ್ಲಿ ಯಾರು ಕೊಟ್ಟದ್ದು ಅನ್ನೋದನ್ನ ಡಬ್ಬಿಯೇ ಹೇಳುತ್ತದೆ. ಹೆಸರು ಹಾಕಿಸದ ಪಾತ್ರೆ ಓಣಿಯ ಕಾರ್ಯಕ್ಕೆ ಹೋದರೆ ತಿರುಗಿ ಮನೆ ಸೇರುವ ಭರವಸೆ ಇಲ್ಲ.

ಈ ಮಾತು ಈಗ ಇನ್ನೊಂದು ಡಬ್ಬಿಗೂ ಅನ್ವಯಿಸುತ್ತದೆ. ಅದು ಗಿಟಾರ್ ನುಡಿಸುವ ಹುಡುಗರು ಕಾಲ ಬಳಿ ಇಟ್ಟುಕೊಳ್ಳುವ ‘ಎಫೆಕ್ಟ್ ಪೆಡಲ್’. ಗಿಟಾರಿನಿಂದ ಹೊರಟ ದನಿ ವೈರಿನ ಮೂಲಕ ಈ ಡಬ್ಬಿಯೊಳಗೆ ಹೋಗಿ, ಒರಟಾಗಿಯೋ, ಮಾರ್ದನಿಯಾಗಿಯೋ, ನೀರಿನ ಅಲೆಯಂತೆ ತೂಗಾಡುತ್ತಲೋ ಆಂಪ್ಲಿಫೈಯರ್ ಸೇರುತ್ತದೆ. ಗಿಟಾರ್ ಒಂದೇ ಅಲ್ಲ. ಗಣಪತಿ ಮೆರವಣಿಗೆಯ ಬೆಂಜೋದಂತೆ ಪಿಕಪ್ ಕೂಡಿಸಿದ ಯಾವುದೇ ತಂತಿವಾದ್ಯಕ್ಕೂ ಇದನ್ನು ಜೋಡಿಸಬಹುದು.

ಅಂಗಡಿಯ ಪೆಡಲ್ ತುಟ್ಟಿ. ಹಾಗಾಗಿ ಸೋಲ್ಡರಿಂಗ್ ಕಲಿತವರು ಬಿಡಿ ಭಾಗ ತರಿಸಿ ಮನೆಯಲ್ಲೇ ತಯಾರಿಸುವುದುಂಟು. ಸರ್ಕೀಟ್ ಕೆಲಸ ಮಾಡಿತೆಂದರೆ ಖುಷಿ. ಆದರೆ ಡಬ್ಬಿ ಬೋಳಾಗಿಯೇ ಉಳಿಯುತ್ತದೆ. ‘ಏನಪ್ಪಾ ಇದು, ಬಾಂಬ್ ಮಾಡಿದಂಗ ಐತಲ್ಲ’ ಎಂದು ಅವ್ವ ಗಾಬರಿಯಾದರೆ ತಪ್ಪೇನಿಲ್ಲ!

ಗುರುತಿಲ್ಲದಿದ್ದರೆ ಸುಟ್ಟೀತು

ಹೆಸರು ಬರೆಯುವುದು ಬರೀ ಅಂದಕ್ಕಲ್ಲ. ಬಹುತೇಕ ಪೆಡಲ್‌ಗಳು ನಡೆಯುವುದು 9 ವೋಲ್ಟ್ ಡಿಸಿ ಕರೆಂಟಿನ ಮೇಲೆ. ಅವುಗಳ ಸಾಕೆಟ್ಟಿನಲ್ಲಿ ನಡುವಿನ ಪಿನ್ ಮೈನಸ್, ಹೊರಸುತ್ತು ಪ್ಲಸ್. ಮನೆಯಲ್ಲಿ ಬಿದ್ದಿರುವ ಇತರ ಎಷ್ಟೋ ಅಡಾಪ್ಟರ್‌ಗಳಲ್ಲಿ ಇದು ಉಲ್ಟಾ, ಆದರೂ ಪಿನ್ನು ಸಲೀಸಾಗಿ ಕೂರುತ್ತದೆ. ಒಳಗೆ ರಕ್ಷಣೆಗೆ ಡಯೋಡ್ ಹಾಕದಿದ್ದರೆ ವಾರಗಟ್ಟಲೆ ಕೂತು ಮಾಡಿದ ಕೆಲಸ ಕ್ಷಣದಲ್ಲಿ ಹಾಳು.

ಪೆಡಲ್ ಒಬ್ಬರ ಕೈಯಲ್ಲೇ ಉಳಿಯುವುದೂ ಇಲ್ಲ. ಗೆಳೆಯ ಒಯ್ಯುತ್ತಾನೆ, ಆರ್ಕೆಸ್ಟ್ರಾದವರು ಕೇಳುತ್ತಾರೆ. ಆದ್ದರಿಂದ ಸಾಕೆಟ್ ಪಕ್ಕದಲ್ಲಿ ‘9 ವೋಲ್ಟ್, ನಡುವೆ ಮೈನಸ್’ ಎಂದು ಬರೆಯುವುದು ಮೊದಲ ಕೆಲಸ. ಎರಡನೆಯದು, ಗಿಟಾರ್ ವೈರ್ ಎಲ್ಲಿ, ಆಂಪ್ಲಿಫೈಯರ್ ವೈರ್ ಎಲ್ಲಿ ಎಂಬ ಬಾಣದ ಗುರುತು. ನುಡಿಸುವವನ ಬಲಕ್ಕೆ ಒಳದಾರಿ, ಎಡಕ್ಕೆ ಹೊರದಾರಿ ಎಂಬುದು ರೂಢಿ. ಬಣ್ಣ, ಚಿತ್ರ ಎಲ್ಲಾ ಆಮೇಲೆ.

ಬಣ್ಣವೇ ಹೆಸರಾದಾಗ

1962ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ‘ಮೆಸ್ಟ್ರೋ ಎಫ್‌ಜೆಡ್-1’ ಎಂಬ ಫಜ್ ಪೆಡಲ್ ತಂದಿತು. ಅದರ ಮೇಲೆ ಇದ್ದದ್ದು ಎರಡೇ ನಾಬ್: ‘ವಾಲ್ಯೂಮ್’ ಮತ್ತು ‘ಅಟ್ಯಾಕ್’. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಅದರ ದನಿ ಲೋಕಕ್ಕೆಲ್ಲ ಕೇಳಿಸಿತು. 1966ರಲ್ಲಿ ಇಂಗ್ಲೆಂಡಿನಲ್ಲಿ ಬಂದ ‘ಫಜ್ ಫೇಸ್’ ತಟ್ಟೆಯಂತೆ ದುಂಡಗೆ. ಎರಡು ನಾಬ್ ಕಣ್ಣಿನಂತೆ, ಕೆಳಗಿನ ಬರಹ ನಗುವ ಬಾಯಿಯಂತೆ. ಜಿಮಿ ಹೆಂಡ್ರಿಕ್ಸ್ ಕಾಲಲ್ಲಿ ತುಳಿದು ನುಡಿಸಿದ್ದು ಇದನ್ನೇ.

ಜಪಾನಿನ ಬಾಸ್ ಕಂಪನಿ 1977ರಿಂದ ತನ್ನ ಸಣ್ಣ ಪೆಡಲ್‌ಗಳಿಗೆ ಒಂದೊಂದಕ್ಕೆ ಒಂದೊಂದು ಬಣ್ಣ ಕೊಟ್ಟಿತು. ಓವರ್‌ಡ್ರೈವ್ ಹಳದಿ, ಮರುವರ್ಷ ಬಂದ ಡಿಸ್ಟಾರ್ಷನ್ ಕಿತ್ತಳೆ. ಮಂದ ಬೆಳಕಿನ ವೇದಿಕೆಯಲ್ಲಿ ಅಕ್ಷರ ಓದಲಾಗದಿದ್ದರೂ ಬಣ್ಣ ತಿಳಿಯುತ್ತದಲ್ಲ! 1995ರಲ್ಲಿ ಅಮೆರಿಕದ ಜೆಡ್ ವೆಕ್ಸ್ ಎಂಬ ಸಣ್ಣ ಸಂಸ್ಥೆ ‘ಫಜ್ ಫ್ಯಾಕ್ಟರಿ’ ಪೆಡಲ್‌ಗಳ ಮೇಲೆ ಕೈಯಿಂದಲೇ ಚಿತ್ರ ಬರೆಸಿ ಮಾರಿತು. ಒಂದರಂತೆ ಇನ್ನೊಂದು ಇಲ್ಲ. ಡಬ್ಬಿ ಚಂದ ಮಾಡುವ ಹುಚ್ಚು ಹವ್ಯಾಸಿಗಳಲ್ಲೂ ಹರಡಿತು.

ಮೊದಲು ತೂತು, ಆಮೇಲೆ ಬಣ್ಣ

ಹೆಚ್ಚಿನವರು ಬಳಸುವುದು ಎರಕದ ಅಲ್ಯೂಮಿನಿಯಂ ಡಬ್ಬಿ. ಕೆನಡಾದ ಹ್ಯಾಮಂಡ್ ಕಂಪನಿಯ ‘1590ಬಿ’ ಅಳತೆ ಪ್ರಸಿದ್ಧ: ಸುಮಾರು 11 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರ. ಲೋಹದ್ದೇ ಏಕೆಂದರೆ, ಅದನ್ನು ಗ್ರೌಂಡಿಗೆ ಸೇರಿಸಿದರೆ ಹೊರಗಿನ ಕರೆಂಟಿನ ‘ಗುಂಯ್’ ದನಿ ಒಳಗೆ ನುಸುಳುವುದು ಕಡಿಮೆ. ಕಾಲಲ್ಲಿ ತುಳಿಯುವ ವಸ್ತು ಗಟ್ಟಿಯೂ ಇರಬೇಕು.

ತೂತು ಕೊರೆಯುವುದು ಮುಗಿದ ಮೇಲೇ ಬಣ್ಣ. ಇಲ್ಲದಿದ್ದರೆ ಡ್ರಿಲ್ ತಾಗಿ ಅಂಚು ಸಿಡಿಯುತ್ತದೆ. ಪಾಲಿಶ್ ಕಾಗದದಿಂದ ಉಜ್ಜಿ, ಜಿಡ್ಡು ಹೋಗುವಂತೆ ತೊಳೆದು ಒಣಗಿಸಿ, ಲೋಹದ ಪ್ರೈಮರ್ ಹೊಡೆಯಬೇಕು. ನಂತರ ಗಾಡಿಗೆ ಹೊಡೆಯುವ ಸ್ಪ್ರೇ ಬಣ್ಣವೇ ಸಾಕು. ಒಂದೇ ಸಲ ದಪ್ಪ ಹೊಡೆದರೆ ಇಳಿದು ಬರುತ್ತದೆ, ತೆಳ್ಳಗೆ ಮೂರ್ನಾಲ್ಕು ಸಲ ಹೊಡೆಯುವುದು ಲೇಸು. ಗೇಟು, ಗ್ರಿಲ್ಲಿಗೆ ಪೌಡರ್ ಕೋಟಿಂಗ್ ಮಾಡುವವರು ಒಪ್ಪಿದರೆ ಇನ್ನೂ ಗಟ್ಟಿ. ಆದರೆ ಅಲ್ಲಿನ ಭಟ್ಟಿಯ ಕಾವು 200 ಡಿಗ್ರಿ ಹತ್ತಿರ ಇರುವುದರಿಂದ ಖಾಲಿ ಡಬ್ಬಿಯನ್ನೇ ಕೊಡಬೇಕು.

ಅಕ್ಷರಕ್ಕೆ ಹಲವು ದಾರಿ ಇವೆ. ಗಾಡಿ ನಂಬರ್ ಕತ್ತರಿಸುವ ರೇಡಿಯಂ ಅಂಗಡಿಯ ಸ್ಟಿಕ್ಕರ್ ಎಲ್ಲಕ್ಕಿಂತ ಸುಲಭ. ಕಾಲು ತಾಗುವ ಸ್ವಿಚ್ಚಿನಿಂದ ಮಾತ್ರ ದೂರ ಅಂಟಿಸಬೇಕು. ನೀರಲ್ಲಿ ನೆನೆಸಿ ಜಾರಿಸುವ ಡಿಕಾಲ್ ಕಾಗದ ಹೆಚ್ಚು ಅಚ್ಚುಕಟ್ಟು. ಇಂಕ್‌ಜೆಟ್ ಪ್ರಿಂಟಾದರೆ ನೀರಿಗೆ ಹಾಕುವ ಮೊದಲೇ ಮೇಲೆ ಲ್ಯಾಕರ್ ಹೊಡೆಯದಿದ್ದರೆ ಶಾಯಿ ಕರಗುತ್ತದೆ. ಪಾರದರ್ಶಕ ಡಿಕಾಲ್ ಆದರೆ ತಿಳಿ ಬಣ್ಣದ ಡಬ್ಬಿಗೇ ಸರಿ, ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಪಾತ್ರೆಗೆ ಹೆಸರು ಕೊರೆಯುವವರ ಮಶೀನೂ ಅಲ್ಯೂಮಿನಿಯಂ ಮೇಲೆ ಚೆನ್ನಾಗಿ ಓಡುತ್ತದೆ. ಲೋಹದ ಪುಡಿ ಸರ್ಕೀಟಿಗೆ ಬೀಳಬಾರದು, ಅದಕ್ಕೂ ಖಾಲಿ ಡಬ್ಬಿಯೇ ಇರಲಿ.

ಫೆರಿಕ್ ಕ್ಲೋರೈಡಿನಿಂದ ಅಕ್ಷರ ಕೊರೆಯುವವರೂ ಇದ್ದಾರೆ. ಅದು ಅಲ್ಯೂಮಿನಿಯಂ ತಾಗಿದೊಡನೆ ಬಿಸಿಯಾಗಿ ನೊರೆಯೇಳುತ್ತದೆ. ಕೈಗವಸು, ಕನ್ನಡಕ, ಬಯಲು ಗಾಳಿ ಮೂರೂ ಬೇಕು. ಅಡುಗೆಯ ಸ್ಟೀಲ್ ಪಾತ್ರೆ ಮುಟ್ಟಬೇಡ್ರಿ, ಅದನ್ನೂ ತಿನ್ನುತ್ತದೆ. ಉಳಿದದ್ದನ್ನು ಗಟಾರಕ್ಕೆ ಸುರಿಯುವಂತಿಲ್ಲ. ಸಣ್ಣ ಮಕ್ಕಳಿರುವ ಮನೆಗೆ ಈ ದಾರಿ ಬೇಡವೇ ಬೇಡ.

ಕನ್ನಡದಲ್ಲಿ ಬರೆದರೆ?

ಬರೆಯುವುದೆಲ್ಲ ಇಂಗ್ಲಿಷಿನಲ್ಲೇ ಆಗಬೇಕೆಂದು ಯಾರೂ ಹೇಳಿಲ್ಲ. ಆದರೆ ಕನ್ನಡಕ್ಕೆ ಜಾಗ ಹೆಚ್ಚು ಬೇಕು. ಮೇಲೆ ಗುಣಿತದ ಗುರುತು, ಕೆಳಗೆ ಒತ್ತಕ್ಷರ. ‘ವಾಲ್ಯೂಮ್’ ಎಂದು ಸಣ್ಣದಾಗಿ ಅಚ್ಚು ಹಾಕಿದರೆ ಕೆಳಗಿನ ಒತ್ತು ಮಸಿಯ ಚುಕ್ಕೆಯಾಗಿ ಉಳಿಯುತ್ತದೆ. ಅದರ ಬದಲು ಒತ್ತಿಲ್ಲದ ಪುಟ್ಟ ಪದ ಆರಿಸಿದರೆ ನಿಂತ ಜಾಗದಿಂದಲೇ ಓದಬಹುದು: ವಾಲ್ಯೂಮಿಗೆ ‘ದನಿ’, ಟೋನಿಗೆ ‘ನಾದ’, ಗೇನ್ ಎಂಬುದಕ್ಕೆ ‘ಖಾರ’. ನಾಬ್ ತಿರುಗಿಸಿದಷ್ಟೂ ದನಿ ಚುರುಕ್ ಎನ್ನುವುದರಿಂದ ಖಾರ ಎಂಬ ಮಾತು ಒಪ್ಪುತ್ತದೆ.

ಜೊತೆಗೆ ಮರಾಠಿಯೂ ಬೇಕೆನ್ನುವ ಮನೆಗಳಿಗೆ ಒಂದು ಅನುಕೂಲವಿದೆ. ಮುಂಬಯಿಯ ‘ಏಕ್ ಟೈಪ್’ ಸಂಸ್ಥೆಯವರು ‘ಬಲೂ’ ಎಂಬ ದುಂಡು ಅಕ್ಷರ ಕುಟುಂಬ ಮಾಡಿದ್ದಾರೆ. ಅದರಲ್ಲಿ ದೇವನಾಗರಿಗೆ ‘ಬಲೂ’, ಕನ್ನಡಕ್ಕೆ ‘ಬಲೂ ತಮ್ಮ’. ಎರಡೂ ಒಂದೇ ಮೈಕಟ್ಟಿನವು, ಎರಡೂ ಪುಕ್ಕಟೆ. ಒಂದೇ ಡಬ್ಬಿಯ ಮೇಲೆ ಎರಡು ಲಿಪಿ ಅಣ್ಣ-ತಮ್ಮರಂತೆ ಕೂರುತ್ತವೆ.

ಗಡಿಭಾಗದಲ್ಲಿ ಮನೆಯೊಳಗೆ ಕನ್ನಡ ಮಾತಾಡಿ, ಸಾಲಿಯಲ್ಲಿ ಮರಾಠಿ ಓದುವ ಮಕ್ಕಳು ಬಹಳ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ‘ಕನ್ನಡ ಕಲಿ’ ಎಂದು ಆಯಿ ಎಷ್ಟು ಹೇಳಿದರೂ ಪುಸ್ತಕ ಹಿಡಿಯದ ಹುಡುಗ, ತಾನೇ ಮಾಡಿದ ಡಬ್ಬಿಗೆ ಹೆಸರು ಹಾಕಲು ‘ದ’ ಹೇಗೆ ಬರೆಯುವುದು ಎಂದು ಆಕೆಯನ್ನೇ ಕೇಳಿದರೆ ಅದು ಸಣ್ಣ ಮಾತೇ? ಬೇರೆ ಕಂಪನಿಯ ಹೆಸರು, ಮುದ್ರೆ ಹಾಕಿ ಮೋಸ ಮಾಡುವ ಬದಲು ಮನೆತನದ ಹೆಸರೋ, ಊರಿನ ಹೆಸರೋ ಹಾಕುವುದು ಮರ್ಯಾದೆ.

ಕೊನೆಗೊಂದು ಕೆಲಸ ಮರೆಯಬಾರದು. ಮುಚ್ಚಳದ ಒಳಗಡೆ ಒಂದು ಚೀಟಿ ಅಂಟಿಸಿ, ಯಾವ ಸರ್ಕೀಟ್, ಎಷ್ಟು ವೋಲ್ಟ್, ಯಾರು ಮಾಡಿದ್ದು, ಯಾವ ತಾರೀಖು ಎಂದು ಬರೆದಿಡಬೇಕು. ನಾಲ್ಕು ವರ್ಷದ ಮೇಲೆ ಕೆಟ್ಟು ನಿಂತಾಗ ರಿಪೇರಿಗೆ ಕೂತವನಿಗೆ, ಅದು ಮಾಡಿದವನೇ ಆಗಿದ್ದರೂ, ದಾರಿ ತೋರಿಸುವುದು ಆ ಚೀಟಿಯೇ.